ಇನ್ನೂರು ವರ್ಷದ ಸಾಲದ ಲೆಕ್ಕ ಹಿಡಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

2017ರ ಜೂನ್ ತಿಂಗಳಲ್ಲಿ ಅರ್ಜೆಂಟೀನಾ ಸರ್ಕಾರ ಒಂದು ಬಾಂಡ್ ಮಾರಿತು. ಎಷ್ಟು ವರ್ಷದ್ದು ಅಂತೀರಿ? ನೂರು ವರ್ಷದ್ದು. ಇವತ್ತು ಸಾಲ ಕೊಡಿ, 2117ರಲ್ಲಿ ಅಸಲು ತೀರಿಸುತ್ತೇವೆ, ಅಲ್ಲಿಯವರೆಗೆ ವರ್ಷ ವರ್ಷ ನೂರಕ್ಕೆ ಏಳು ಚಿಲ್ಲರೆ ಡಾಲರ್ ಬಡ್ಡಿ ಕೊಡುತ್ತೇವೆ, ಇದು ಒಪ್ಪಂದ. ಕೇಳಿದ್ದು 275 ಕೋಟಿ ಡಾಲರ್. ಕೊಡುತ್ತೇವೆ ಅಂತ ಬಂದ ಹಣ ಅದರ ಮೂರು ಪಟ್ಟಿಗೂ ಜಾಸ್ತಿ. ಇದೇ ದೇಶ 2001ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿತ್ತು. ಅದಾಗಿ ಹದಿನಾರೇ ವರ್ಷ. ನೂರು ವರ್ಷದ ಆ ಬಾಂಡ್ ಬಾಳಿದ್ದು ಮೂರು ವರ್ಷ. 2020ರಲ್ಲಿ ಅರ್ಜೆಂಟೀನಾ ಮತ್ತೆ ಬಡ್ಡಿ ಕಟ್ಟಲಿಲ್ಲ. ಹಳೆ ಬಾಂಡ್ ವಾಪಸ್ ತಗೊಂಡು, ಕಡಿಮೆ ಬಡ್ಡಿಯ ಹೊಸ ಬಾಂಡ್ ಕೈಗಿಟ್ಟಿತು.

ಆ ಸುದ್ದಿ ಓದಿದ ದಿನ ನನಗೆ ನೆನಪಾದವರು ಕಾರ್ಮೆನ್ ರೈನ್‌ಹಾರ್ಟ್. ಸರ್ಕಾರಗಳು ಸಾಲ ಮಾಡುವುದು, ಮಾರುಕಟ್ಟೆ ಆ ಸಾಲಕ್ಕೆ ಬೆಲೆ ಕಟ್ಟುವುದು, ಒಂದು ದಿನ ಆ ಬೆಲೆ ಕುಸಿದು ಬೀಳುವುದು, ಇದನ್ನೇ ನಲವತ್ತು ವರ್ಷ ಹಿಡಿದು ಕೂತ ಅರ್ಥಶಾಸ್ತ್ರಜ್ಞೆ. ಇವತ್ತು ಅವರ ಕೆಲಸದ ಬಗ್ಗೆ ಮಾತಾಡುತ್ತೇನೆ. ನಾನು ಪ್ರೊಫೆಸರ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಅದರಲ್ಲಿ ಸುಮಾರು ವರ್ಷ ಸರ್ಕಾರಿ ಬಾಂಡ್‌ಗಳ ಲೆಕ್ಕ ಬರೆದವನು. ಹಾಗಾಗಿ ಇವರ ಬರಹ ಓದುವಾಗ ನಮ್ಮ ಕೌಂಟರಿನ ಆಚೆ ಏನು ನಡೆಯುತ್ತಿತ್ತು ಅನ್ನುವುದು ನನಗೆ ಮೊದಲ ಸಲ ತಿಳಿಯಿತು.

ಬಾಂಡಿನ ಬೆಲೆ ಅಂದರೆ ಏನು, ಅದನ್ನು ಮೊದಲು ನೋಡೋಣ. ಸರ್ಕಾರ ನೂರು ರೂಪಾಯಿಯ ಪತ್ರ ಕೊಡುತ್ತದೆ, ವರ್ಷಕ್ಕೆ ಏಳು ರೂಪಾಯಿ ಬಡ್ಡಿ. ಆ ಏಳು ರೂಪಾಯಿ ಬದಲಾಗುವುದಿಲ್ಲ. ಬದಲಾಗುವುದು ಪತ್ರದ ಬೆಲೆ. ಈ ಸರ್ಕಾರ ದುಡ್ಡು ವಾಪಸ್ ಕೊಡುತ್ತೋ ಇಲ್ಲವೋ ಅಂತ ಜನಕ್ಕೆ ಅಳುಕು ಬಂತು ಅನ್ನಿ, ನೂರರ ಪತ್ರವನ್ನು ಎಪ್ಪತ್ತಕ್ಕೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಎಪ್ಪತ್ತು ಕೊಟ್ಟು ಕೊಂಡವನಿಗೆ ಅದೇ ಏಳು ರೂಪಾಯಿ ಸಿಗುತ್ತದೆ, ಅಂದರೆ ನೂರಕ್ಕೆ ಹತ್ತರ ಲೆಕ್ಕ. ಬೆಲೆ ಇಳಿದರೆ ಬಡ್ಡಿ ಏರಿದ ಹಾಗೆ. ನಮ್ಮೂರಲ್ಲಿ ಕೈಸಾಲ ಕೊಡುವವನು ಮುಖ ನೋಡಿ ಬಡ್ಡಿ ಹೇಳುತ್ತಾನೆ, ಅಲ್ವಾ? ದೇಶಗಳ ಮುಖವನ್ನು ಬಾಂಡ್ ಮಾರುಕಟ್ಟೆ ನೋಡುತ್ತದೆ.

ರೈನ್‌ಹಾರ್ಟ್ ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ, 1955ರಲ್ಲಿ. 1966ರ ಜನವರಿಯಲ್ಲಿ, ಹತ್ತು ವರ್ಷದ ಹುಡುಗಿಯಾಗಿದ್ದಾಗ, ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದಿಳಿದರು. ಮನೆಯವರ ಕೈಯಲ್ಲಿ ಇದ್ದದ್ದು ಮೂರು ಸೂಟ್‌ಕೇಸ್. ಆಮೇಲೆ ಮಯಾಮಿಯಲ್ಲಿ ಎರಡು ವರ್ಷದ ಒಂದು ಸಾಮಾನ್ಯ ಕಾಲೇಜು, ಅಲ್ಲಿಂದ ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯ, ಅಲ್ಲಿಂದ ನ್ಯೂಯಾರ್ಕಿನ ಕೊಲಂಬಿಯಾ. 1982ರಲ್ಲಿ ಓದು ಅರ್ಧಕ್ಕೆ ಬಿಟ್ಟು ವಾಲ್ ಸ್ಟ್ರೀಟಿನ ಬೇರ್ ಸ್ಟರ್ನ್ಸ್ ಕಂಪನಿಗೆ ಸೇರಿದರು. ಅದೇ ವರ್ಷದ ಆಗಸ್ಟಿನಲ್ಲಿ ಮೆಕ್ಸಿಕೋ, ನಮ್ಮ ಕೈಯಲ್ಲಿ ಸಾಲ ಕಟ್ಟಲು ಆಗುವುದಿಲ್ಲ ಅಂದಿತು. ಒಂದರ ಹಿಂದೆ ಒಂದು ಲ್ಯಾಟಿನ್ ಅಮೆರಿಕದ ದೇಶಗಳೆಲ್ಲ ಸಾಲದ ಸುಳಿಗೆ ಬಿದ್ದವು. ಕೆಲಸಕ್ಕೆ ಸೇರಿದ ವರ್ಷವೇ, ಅದೂ ವಾಲ್ ಸ್ಟ್ರೀಟಿನಲ್ಲೇ ಕೂತು, ಇದನ್ನು ನೋಡಿದವರು ಅವರು. ಮೂರು ವರ್ಷದಲ್ಲಿ ಆ ಕಂಪನಿಯ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. ಅಷ್ಟು ಸಂಬಳದ ಕೆಲಸ ಬಿಟ್ಟು ಮತ್ತೆ ಕೊಲಂಬಿಯಾಕ್ಕೆ ಹೋಗಿ, ರಾಬರ್ಟ್ ಮಂಡೆಲ್ ಕೈಕೆಳಗೆ 1988ರಲ್ಲಿ ಪಿಎಚ್‌.ಡಿ. ಮುಗಿಸಿದರು.

ಆಮೇಲೆ ಐಎಂಎಫ್, ಅಂದರೆ ಸಂಕಷ್ಟಕ್ಕೆ ಸಿಕ್ಕ ದೇಶಗಳಿಗೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಕೆಲಸ. 1993ರಲ್ಲಿ ಗಿಲೆರ್ಮೊ ಕಾಲ್ವೊ, ಲಿಯೊನಾರ್ಡೊ ಲೈಡರ್‌ಮನ್ ಜೊತೆ ಒಂದು ಪ್ರಬಂಧ ಬರೆದರು. ಆಗ ಲ್ಯಾಟಿನ್ ಅಮೆರಿಕಕ್ಕೆ ವಿದೇಶಿ ಹಣ ಹರಿದು ಬರುತ್ತಿತ್ತು. ನಮ್ಮ ಸುಧಾರಣೆ ನೋಡಿ ಜನ ದುಡ್ಡು ಹಾಕುತ್ತಿದ್ದಾರೆ ಅಂತ ಅಲ್ಲಿನ ಸರ್ಕಾರಗಳು ಖುಷಿಯಾಗಿದ್ದವು. ಈ ಮೂವರು ಹೇಳಿದ್ದು ಬೇರೆ. ಅಮೆರಿಕದಲ್ಲಿ ಬಡ್ಡಿ ಕಡಿಮೆ ಇದೆ, ಅದಕ್ಕೇ ಹಣ ನಿಮ್ಮ ಕಡೆ ಬರುತ್ತಿದೆ, ಅಲ್ಲಿ ಬಡ್ಡಿ ಏರಿದರೆ ಬಂದ ದಾರಿಯಲ್ಲೇ ಹೊರಟು ಹೋಗಬಹುದು. 1994ರಲ್ಲಿ ಅಮೆರಿಕ ಬಡ್ಡಿ ಏರಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಮೆಕ್ಸಿಕೋದ ಪೆಸೊ ಮುಗ್ಗರಿಸಿತು.

ಈಗ ಬರುತ್ತೇನೆ ನನಗೆ ಬಹಳ ಇಷ್ಟವಾದ ಭಾಗಕ್ಕೆ. ರೈನ್‌ಹಾರ್ಟ್ ಮಾಡಿದ ದೊಡ್ಡ ಕೆಲಸ ಸೂತ್ರ ಕಂಡುಹಿಡಿದದ್ದಲ್ಲ, ಯಾರೂ ಕೂಡಿಡದ ಅಂಕಿಗಳನ್ನು ಕೂಡಿಟ್ಟದ್ದು. ಸುಮ್ನೆ ಯೋಚಿಸಿ ನೋಡಿ. ಒಂದು ದೇಶ ಹೊರಗಿನವರಿಂದ ಎಷ್ಟು ಸಾಲ ತಗೊಂಡಿದೆ ಅನ್ನುವ ಲೆಕ್ಕವಾದರೂ ಅಲ್ಲಿ ಇಲ್ಲಿ ಸಿಗುತ್ತಿತ್ತು. ತನ್ನದೇ ಜನರಿಂದ, ತನ್ನದೇ ಬ್ಯಾಂಕುಗಳಿಂದ ತಗೊಂಡ ಸಾಲದ ಹಳೆಯ ಲೆಕ್ಕ ಒಂದು ಕಡೆ ಸಿಗುತ್ತಿರಲಿಲ್ಲ. ಅವರೂ ಹಾರ್ವರ್ಡ್‌ನ ಕೆನೆತ್ ರೋಗಾಫ್ ಅವರೂ ಸೇರಿ ಹುಡುಕಿದರು. ಎಲ್ಲಿ ಸಿಕ್ಕಿತು ಗೊತ್ತಾ? ಎರಡನೇ ಮಹಾಯುದ್ಧಕ್ಕೂ ಮೊದಲು ಇದ್ದ ರಾಷ್ಟ್ರಸಂಘದ ಹಳೇ ಪ್ರಕಟಣೆಗಳಲ್ಲಿ. ಯಾವುದೋ ಗುಮಾಸ್ತ ಬರೆದ ಅಂಕಿ, ಗ್ರಂಥಾಲಯದ ಕಪಾಟಿನಲ್ಲಿ ದೂಳು ಹಿಡಿದಿತ್ತು. ಹೀಗೆ ಹೆಕ್ಕಿ ಹೆಕ್ಕಿ 66 ದೇಶಗಳ ಸಾಲದ ಚರಿತ್ರೆ ಸೇರಿಸಿ 2009ರಲ್ಲಿ ಇಬ್ಬರೂ ಪುಸ್ತಕ ತಂದರು. ಜಗತ್ತಿನ ಬ್ಯಾಂಕುಗಳು ಕುಸಿದಿದ್ದ ಹೊತ್ತು ಅದು. ಪ್ರತಿ ಸಲ ಸಾಲ ಉಬ್ಬುವಾಗಲೂ 'ಈ ಸಲ ಹಾಗಾಗಲ್ಲ ಬಿಡಿ' ಅಂತ ತಿಳಿದವರೇ ಹೇಳಿರುತ್ತಾರೆ, ಪ್ರತಿ ಸಲವೂ ಹಾಗೇ ಆಗಿರುತ್ತದೆ ಅನ್ನುವುದನ್ನು ಆ ಪುಸ್ತಕ ಪುಟಗಟ್ಟಲೆ ಕೋಷ್ಟಕಗಳಲ್ಲಿ ತೋರಿಸಿತು. ಗ್ರೀಸ್ ದೇಶ ಸ್ವತಂತ್ರವಾದ ಮೇಲೆ ಕಳೆದ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ವರ್ಷ ಸಾಲ ತಪ್ಪಿಸಿದ ಸ್ಥಿತಿಯಲ್ಲೇ ಇತ್ತು ಅನ್ನುವುದನ್ನು ನಾನು ಓದಿದ್ದು ಅಲ್ಲೇ. ಗ್ರೀಸ್ ಮತ್ತೆ ಮುಳುಗಿದ್ದು ಅದರ ನಂತರ.

ಇನ್ನು 2010ರ ಪ್ರಬಂಧ. ಇದನ್ನು ಬಿಟ್ಟು ಅವರ ಕಥೆ ಹೇಳಿದರೆ ಅದು ಅರ್ಧ ಕಥೆ. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇಕಡ 90 ದಾಟಿದರೆ ಆರ್ಥಿಕ ಬೆಳವಣಿಗೆ ಕುಗ್ಗುತ್ತದೆ, ಎರಡನೇ ಮಹಾಯುದ್ಧದ ನಂತರ ಮುಂದುವರಿದ ದೇಶಗಳಲ್ಲಿ ಸಾಲ ಹೀಗೆ ಏರಿದ್ದಾಗ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇಕಡ ಮೈನಸ್ 0.1 ಅಂತ ಅವರೂ ರೋಗಾಫ್ ಅವರೂ ಬರೆದರು. ಖರ್ಚು ಕಡಿತ ಮಾಡಬೇಕು ಅನ್ನುವ ರಾಜಕಾರಣಿಗಳು ಅದನ್ನು ಎತ್ತಿ ಹಿಡಿದರು. ಅಮೆರಿಕದ ಪಾಲ್ ರಯಾನ್, ಯುರೋಪಿನ ಓಲಿ ರೆನ್, ಹೀಗೆ ಹಲವರು. 2013ರಲ್ಲಿ ಮೆಸಾಚುಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿ ಆ ಲೆಕ್ಕವನ್ನು ಮತ್ತೆ ಮಾಡಲು ಹೋದ. ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಮೂಲ ಎಕ್ಸೆಲ್ ಫೈಲ್ ಕಳಿಸಿ ಅಂತ ಕೇಳಿದ. ಕಳಿಸಿದರು. ತೆರೆದು ನೋಡಿದರೆ, ಸರಾಸರಿ ತೆಗೆಯುವ ಸೂತ್ರ 30ನೇ ಸಾಲಿನಿಂದ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್, ಐದು ದೇಶ ಲೆಕ್ಕಕ್ಕೇ ಬಂದಿರಲಿಲ್ಲ.

ಜನ ನೆನಪಿಟ್ಟುಕೊಂಡದ್ದು ಈ ಐದು ಸಾಲುಗಳನ್ನೇ. ಆದರೆ ದೊಡ್ಡ ವ್ಯತ್ಯಾಸ ಬಂದದ್ದು ಬೇರೆ ಕಡೆಯಿಂದ. ನ್ಯೂಜಿಲೆಂಡಿನ ಸಾಲ ಜಾಸ್ತಿ ಇದ್ದ ಕೆಲವು ವರ್ಷಗಳು ಬಿಟ್ಟುಹೋಗಿ 1951 ಒಂದೇ ಉಳಿದಿತ್ತು, ಆ ವರ್ಷ ಅಲ್ಲಿನ ಬೆಳವಣಿಗೆ ಮೈನಸ್ 7.6. ಆ ಒಂದು ವರ್ಷಕ್ಕೂ ಬ್ರಿಟನ್ನಿನ 19 ವರ್ಷಗಳಿಗೂ ತಕ್ಕಡಿಯಲ್ಲಿ ಒಂದೇ ತೂಕ. ಹರ್ನ್‌ಡನ್ ಮತ್ತು ಅವನ ಇಬ್ಬರು ಪ್ರೊಫೆಸರುಗಳು ಎಲ್ಲ ಸೇರಿಸಿ ತೂಗಿದಾಗ ಬಂದ ಉತ್ತರ 2.2. ಮೈನಸ್ 0.1 ಎಲ್ಲಿ, 2.2 ಎಲ್ಲಿ. ಎಕ್ಸೆಲ್ ತಪ್ಪನ್ನು ರೈನ್‌ಹಾರ್ಟ್, ರೋಗಾಫ್ ಒಪ್ಪಿಕೊಂಡರು. ಸಾಲ ಜಾಸ್ತಿ ಇದ್ದಲ್ಲಿ ಬೆಳವಣಿಗೆ ನಿಧಾನ ಅನ್ನುವ ಮಾತನ್ನು ಮಾತ್ರ ಬಿಡಲಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ತಪ್ಪು ಚಿಕ್ಕದಲ್ಲ. ಊರೂರಿನ ಆಸ್ಪತ್ರೆ, ಶಾಲೆ, ಪಿಂಚಣಿಯ ಮೇಲೆ ಕತ್ತರಿ ಆಡಿಸುವ ಕಾಲದಲ್ಲಿ, ಅದಕ್ಕೆ ಸಾಕ್ಷಿಯಾಗಿ ನಿಂತ ಅಂಕಿ ಅದು. ಆ ಫೈಲ್ ಮೊದಲ ದಿನವೇ ಎಲ್ಲರ ಕೈಗೆ ಸಿಗಬೇಕಿತ್ತು. ಶೇಕಡ 90 ಅನ್ನುವುದನ್ನು ಲಕ್ಷ್ಮಣರೇಖೆಯ ಹಾಗೆ ಎಳೆಯಬಾರದಿತ್ತು. ಹಾಗಂತ ಅವರ ನಲವತ್ತು ವರ್ಷದ ಕೆಲಸವನ್ನೆಲ್ಲ ಈ ಐದು ಸಾಲಿನ ಕೆಳಗೆ ಹೂತುಹಾಕುವವರ ಜೊತೆ ನಾನು ಇಲ್ಲ.

ಯಾಕೆಂದರೆ ಆ 2010ರ ಪ್ರಬಂಧದ ಮರುವರ್ಷವೇ, 2011ರಲ್ಲಿ, ಬೆಲೆನ್ ಸ್ಬ್ರಾಂಚಿಯಾ ಜೊತೆ ಅವರು ಬರೆದ ಇನ್ನೊಂದು ಪ್ರಬಂಧ ನನ್ನಂಥ ಬ್ಯಾಂಕಿನವನ ಕಣ್ಣು ತೆರೆಸಿತು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕ, ಬ್ರಿಟನ್ನುಗಳ ತಲೆ ಮೇಲೆ ಬೆಟ್ಟದಷ್ಟು ಸಾಲವಿತ್ತು. ಅದು ಹೇಗೆ ಕರಗಿತು? ಬೆಳವಣಿಗೆ ಒಂದರಿಂದಲೇ ಅಲ್ಲ. ಬಡ್ಡಿ ದರವನ್ನು ಸರ್ಕಾರಗಳು ಕೆಳಗೆ ಒತ್ತಿ ಹಿಡಿದವು, ಬ್ಯಾಂಕುಗಳು, ಪಿಂಚಣಿ ನಿಧಿಗಳು ಸರ್ಕಾರಿ ಬಾಂಡ್ ಕೊಳ್ಳಲೇಬೇಕು ಅನ್ನುವ ಹಾಗೆ ನಿಯಮ ಮಾಡಿದವು, ಅತ್ತ ಸಾಮಾನುಗಳ ಬೆಲೆ ಏರುತ್ತಾ ಹೋಯಿತು. ಐದು ರೂಪಾಯಿ ಬಡ್ಡಿ, ಎಂಟು ರೂಪಾಯಿ ಬೆಲೆ ಏರಿಕೆ ಅಂದರೆ ಸಾಲ ಕೊಟ್ಟವನ ಗಂಟು ವರ್ಷ ವರ್ಷ ಮೂರು ರೂಪಾಯಿ ಸವೆಯುತ್ತದೆ, ಸಾಲಗಾರನದು ಅಷ್ಟು ಹಗುರವಾಗುತ್ತದೆ. ಆ ಎರಡು ದೇಶಗಳಲ್ಲಿ ಹೀಗೆ ಕರಗಿದ ಸಾಲ ವರ್ಷಕ್ಕೆ ದೇಶದ ಉತ್ಪನ್ನದ ಶೇಕಡ 3ರಿಂದ 4ರಷ್ಟು ಅಂತ ಅವರು ಲೆಕ್ಕ ಹಾಕಿದರು. ಯಾರೂ ಸಾಲ ತಪ್ಪಿಸಲಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ.

ಇದು ಓದಿದಾಗ ನನಗೆ ನೆನಪಾದದ್ದು ನಮ್ಮ ಬ್ಯಾಂಕಿನ ಹದಿನೈದು ದಿನಕ್ಕೊಂದು ಶುಕ್ರವಾರ. ರಿಪೋರ್ಟಿಂಗ್ ಫ್ರೈಡೇ ಅನ್ನುತ್ತಿದ್ದೆವು. ಠೇವಣಿ ಎಷ್ಟು ಬಂದಿದೆ, ಅದರಲ್ಲಿ ಸರ್ಕಾರಿ ಬಾಂಡಿಗೆ ಎಷ್ಟು ಹಾಕಿದ್ದೇವೆ, ರಿಸರ್ವ್ ಬ್ಯಾಂಕಿನಲ್ಲಿ ಎಷ್ಟು ಇಟ್ಟಿದ್ದೇವೆ, ರಾತ್ರಿಯಾದರೂ ಲೆಕ್ಕ ಕೂಡಿಸಿಯೇ ಮನೆಗೆ. 1990ರಲ್ಲಿ ಸರ್ಕಾರಿ ಬಾಂಡಿನಂಥವಕ್ಕೆ ಹಾಕಲೇಬೇಕಾದ ಪಾಲು, ಅಂದರೆ ಎಸ್‌ಎಲ್‌ಆರ್, ಶೇಕಡ 38.5, ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಪಾಲು, ಅಂದರೆ ಸಿಆರ್‌ಆರ್, ಶೇಕಡ 15. ಕಡೂರಿನ ರೈತನೋ ದಾವಣಗೆರೆಯ ಮೇಷ್ಟರೋ ನೂರು ರೂಪಾಯಿ ಇಟ್ಟರೆ, ನಿಯಮದ ಪ್ರಕಾರ ಅದರಲ್ಲಿ 53 ರೂಪಾಯಿ ಚಿಲ್ಲರೆ ಹೀಗೆ ಹೋಗಬೇಕಿತ್ತು. ಆ ಬಾಂಡಿಗೆ ಬಡ್ಡಿ ಎಷ್ಟು ಅಂತ ಮಾರುಕಟ್ಟೆ ಹೇಳುತ್ತಿರಲಿಲ್ಲ, ಮೇಲಿನಿಂದ ನಿಗದಿಯಾಗಿ ಬರುತ್ತಿತ್ತು. ಬಾಂಡುಗಳ ಹರಾಜು ಶುರುವಾದದ್ದೇ 1992ರಲ್ಲಿ. ನಾನು ಅಷ್ಟು ವರ್ಷ ಅಂಕಿ ತುಂಬಿದೆ, ಆ ಅಂಕಿಯ ಹಿಂದೆ ಯಾರ ಉಳಿತಾಯ ಯಾರ ಸಾಲವನ್ನು ತೀರಿಸುತ್ತಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಇನ್ನೊಂದು ಕೆಲಸ ಹೇಳಲೇಬೇಕು. ಯೊಸೆಫೀನ್ ಮೇಯರ್, ಕ್ರಿಸ್ಟೋಫ್ ಟ್ರೆಬೆಷ್ ಜೊತೆ ಸೇರಿ, ವಾಟರ್ಲೂ ಯುದ್ಧ ನಡೆದ 1815ರಿಂದ ಈಚೆಗೆ ಲಂಡನ್, ನ್ಯೂಯಾರ್ಕುಗಳಲ್ಲಿ ಮಾರಾಟವಾದ ವಿದೇಶಿ ಸರ್ಕಾರಗಳ ಬಾಂಡ್‌ಗಳ ತಿಂಗಳು ತಿಂಗಳ ಬೆಲೆಯನ್ನು ಸಂಗ್ರಹಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಬೆಲೆಗಳು, 91 ದೇಶಗಳವರೆಗೆ. ಆ ಕಾಲದ ಲಂಡನ್ ಮಾರುಕಟ್ಟೆ ಎಂಥದ್ದು ಅಂದರೆ, 1822ರಲ್ಲಿ ಗ್ರೆಗರ್ ಮೆಕ್‌ಗ್ರೆಗರ್ ಅನ್ನುವ ಸ್ಕಾಟ್‌ಲೆಂಡಿನವನು ಪೊಯಾಯಿಸ್ ಅನ್ನುವ ದೇಶದ ಹೆಸರಲ್ಲಿ ಎರಡು ಲಕ್ಷ ಪೌಂಡಿನ ಬಾಂಡ್ ಮಾರಾಟಕ್ಕಿಟ್ಟ, ನೂರು ಪೌಂಡಿನ ಪತ್ರಕ್ಕೆ ಎಂಬತ್ತು ಪೌಂಡ್, ಶೇಕಡ 6 ಬಡ್ಡಿ. ಜನ ಕೊಂಡರು. ಅಂಥ ದೇಶವೇ ಇರಲಿಲ್ಲ. ಇದ್ದ ದೇಶಗಳ ಗತಿಯೂ ಅಷ್ಟಕ್ಕಷ್ಟೇ. ಆ ದಶಕ ಮುಗಿಯುವ ಹೊತ್ತಿಗೆ ಸಾಲ ತಗೊಂಡಿದ್ದ ಲ್ಯಾಟಿನ್ ಅಮೆರಿಕದ ಹೊಸ ದೇಶಗಳಲ್ಲಿ ಬ್ರೆಜಿಲ್ ಬಿಟ್ಟು ಉಳಿದವೆಲ್ಲ ಕಟ್ಟುವುದು ನಿಲ್ಲಿಸಿದ್ದವು.

ಹಾಗಾದರೆ ಸಾಲ ಕೊಟ್ಟವರು ಮುಳುಗಿಹೋದರು ಅಂತ ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಬೇರೆ ಹೇಳಿತು. ಯುದ್ಧ, ದಿವಾಳಿ, ಕ್ರಾಂತಿ ಎಲ್ಲವನ್ನೂ ಸೇರಿಸಿ ಇನ್ನೂರು ವರ್ಷದ ಸರಾಸರಿ ತೆಗೆದರೆ, ಬೆಲೆ ಏರಿಕೆ ಕಳೆದ ಮೇಲೂ ವರ್ಷಕ್ಕೆ ಶೇಕಡ 6ಕ್ಕಿಂತ ಜಾಸ್ತಿ ಲಾಭ. ಬ್ರಿಟನ್, ಅಮೆರಿಕದ ಬಾಂಡಿಗಿಂತ 3ರಿಂದ 4 ಹೆಚ್ಚು. ಸಾಲವನ್ನು ಪೂರ್ತಿ ತಿರಸ್ಕರಿಸಿದ ಸರ್ಕಾರಗಳು ತೀರಾ ಅಪರೂಪ, 1918ರ ರಷ್ಯಾದ ಹಾಗೆ. ಮಿಕ್ಕವು ಮಾತುಕತೆಗೆ ಕೂತು, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಕತ್ತರಿಸಿ ಉಳಿದದ್ದನ್ನು ಕೊಟ್ಟಿವೆ. ಮೊದಲೇ ಜಾಸ್ತಿ ಬಡ್ಡಿ ತಗೊಂಡವರಿಗೆ ಆ ಕತ್ತರಿ ಆಗಲೇ ವಸೂಲಾಗಿರುತ್ತದೆ. ಬಡ ದೇಶದ ಜನ ಆ ಹೆಚ್ಚಿನ ಬಡ್ಡಿಯನ್ನು ತೆರಿಗೆಯಲ್ಲಿ ಕಟ್ಟಿರುತ್ತಾರೆ. ನನಗೆ ಈ ಅಂಕಿ ನೋಡಿ ಒಂದು ರಾತ್ರಿ ನಿದ್ದೆ ಬರಲಿಲ್ಲ.

ಮಾರುಕಟ್ಟೆ ಬೆಲೆ ಕಟ್ಟಬೇಕಾದರೆ ಸಾಲ ಕಣ್ಣಿಗೆ ಕಾಣಬೇಕು, ಅಲ್ವಾ? 2019ರಲ್ಲಿ ಸೆಬಾಸ್ಟಿಯನ್ ಹಾರ್ನ್, ಟ್ರೆಬೆಷ್ ಜೊತೆ ಅವರು ಇನ್ನೊಂದು ಗಂಟು ಬಿಚ್ಚಿದರು. ಬಡ ದೇಶಗಳಿಗೆ ಚೀನಾ ಕೊಟ್ಟ ಸಾಲದಲ್ಲಿ ಸುಮಾರು ಅರ್ಧದಷ್ಟು ವಿಶ್ವಬ್ಯಾಂಕ್, ಐಎಂಎಫ್ ಪಟ್ಟಿಗಳಲ್ಲಿ ಇರಲೇ ಇಲ್ಲ. ಅಂದರೆ ಆ ದೇಶಗಳ ಬಾಂಡ್ ಕೊಂಡವರು ಚೀನಾದ ಸಾಲದಲ್ಲಿ ಅರ್ಧವನ್ನು ಕಾಣದೆಯೇ ಬೆಲೆ ಕಟ್ಟಿದ್ದರು. ಮರುವರ್ಷ, ಕೋವಿಡ್ ನಡುವೆ, ರೈನ್‌ಹಾರ್ಟ್ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. ಎರಡು ವರ್ಷ ಅಲ್ಲಿದ್ದರು. ಅವರು ಅಲ್ಲಿ ಇದ್ದಾಗಲೇ, 2022ರ ಏಪ್ರಿಲ್ 12ರಂದು, ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಶ್ರೀಲಂಕಾ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿತು. ಕೊಲಂಬೋದಲ್ಲಿ ಜನ ಪೆಟ್ರೋಲಿಗೆ, ಗ್ಯಾಸಿಗೆ ಗಂಟೆಗಟ್ಟಲೆ ಸಾಲುಗಟ್ಟಿ ನಿಂತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನಾನು ಆ ದಿನ ಸಂಜೆ ಶ್ರೀಲಂಕಾದ ಬಾಂಡಿನ ಬೆಲೆ ಎಷ್ಟಕ್ಕೆ ಇಳಿದಿದೆ ಅಂತ ಹುಡುಕಲಿಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವ ಪಟ್ಟಿ ಪೂರ್ತಿ ಇದೆಯಾ ಅಂತ ಹುಡುಕಿದೆ.

ನಮಸ್ಕಾರ.