ದಿನಕ್ಕೊಂದೇ ಘಾಟಿ

ಕೇಳುಗರಿಗೆ ನಮಸ್ಕಾರ. ಮಳೆ ಕಮ್ಮಿಯಾದರೆ ಸಾಕು, ಘಟ್ಟದ ಕಡೆ ಕಾರು ತಿರುಗಿಸುವವರು ಜಾಸ್ತಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆರಾಮವಾಗಿ ಹೋಗಿಬರುವುದು ಹೇಗೆ, ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾನು ಮಲೆನಾಡಿನಲ್ಲಿ ಡ್ರೈವಿಂಗ್ ಕಲಿಸುವವನು. ಹೋಮ್‌ಸ್ಟೇ, ಸೆಲ್ಫಿ ಪಾಯಿಂಟ್ ಎಲ್ಲ ನನ್ನನ್ನು ಕೇಳಬೇಡಿ. ನನ್ನದು ಒಂದೇ ಮಾತು: ದಿನಕ್ಕೆ ಒಂದೇ ಘಾಟಿ.

ಬೆಳಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಚಾರ್ಮಾಡಿ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ ಅಂತ ಪಟ್ಟಿ ಹಿಡಿದು ಬರುತ್ತೀರಲ್ಲ, ಮೊಬೈಲಿನ ಮ್ಯಾಪಿನಲ್ಲಿ ಇವೆಲ್ಲ ಅಕ್ಕಪಕ್ಕವೇ, ಸರಿ. ಆದರೆ ಚಾರ್ಮಾಡಿ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರ ದಾಟಿದ ಮೇಲೆ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ, ತಿರುವಿನ ಲೆಕ್ಕವೇ.

ಒಂದು ಸಂಗತಿ ಹೇಳುತ್ತೇನೆ. ದಸರಾ ರಜೆ. ನಾನು ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುತ್ತಿದ್ದೆ. ಒಂದು ತಿರುವಿನಾಚೆ ಕಾರು ನಿಂತಿದೆ, ಮುಂದಿನ ಚಕ್ರದಿಂದ ಹೊಗೆ, ಸುಟ್ಟ ವಾಸನೆ. ಒಳಗೆ ಇಬ್ಬರು ಮಕ್ಕಳು, ಒಬ್ಬ ಹುಡುಗ ವಾಂತಿ ಮಾಡಿ ಸೋತುಹೋಗಿದ್ದಾನೆ. ಯಜಮಾನರು ಬಾಟಲಿ ಹಿಡಿದು ಚಕ್ರಕ್ಕೆ ನೀರು ಸುರಿಯಲು ಹೊರಟಿದ್ದರು. ಅಯ್ಯೋ ಬೇಡ ಸ್ವಾಮಿ ಅಂತ ಕೂಗಿದೆ. ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಯಾವ ಗೇರಿನಲ್ಲಿ ಇಳಿದಿರಿ ಅಂದೆ. "ನ್ಯೂಟ್ರಲ್, ಪೆಟ್ರೋಲ್ ಉಳಿಯುತ್ತೆ ಅಲ್ವಾ?" ಅಂದರು. ಉಳಿಯುವುದಿಲ್ಲ! ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಖರ್ಚು. ಅದೂ ಅಲ್ಲದೆ ಇಡೀ ಕಾರಿನ ಭಾರ ಬ್ರೇಕಿನ ಮೇಲೆ, ಬ್ರೇಕ್ ಕಾದರೆ ಹಿಡಿತ ಹೋಯಿತು. ಎರಡನೇ ಗೇರಿಗೆ ಹಾಕಿ ಇಳಿಯಿರಿ, ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರ್ ಇರುತ್ತದೆ, ಬಳಸಿ.

ಬ್ರೇಕ್ ತಣ್ಣಗಾಗುವವರೆಗೆ ಕಾಯಲೇಬೇಕಿತ್ತು. ಯಜಮಾನರು ಗಡಿಯಾರ ನೋಡುತ್ತಾ ಆಗುಂಬೆ, ಆಗುಂಬೆ ಅಂತ ಒದ್ದಾಡುತ್ತಿದ್ದರು. ಅವರ ತಾಯಿ ಮಾತ್ರ ಡಬ್ಬಿ ಬಿಚ್ಚಿ ನನಗೂ ಚಕ್ಕುಲಿ ಕೊಟ್ಟರು. ಎದುರಿಗೆ ಬಂಡೆ ಮೇಲಿಂದ ನೀರು ಇಳಿಯುತ್ತಿತ್ತು, ಮಂಜು ಸರಿದಾಗ ಕೆಳಗೆ ಇಡೀ ಕಾಡು. "ಬೆಳಗ್ಗೆಯಿಂದ ಕಾರಿನಲ್ಲೇ ಕೂತಿದ್ದೀನಪ್ಪ, ಬೆಟ್ಟ ನೋಡಿದ್ದು ಈಗಲೇ" ಅಂದರು ಆ ತಾಯಿ. ಮಗ ಮಾತಾಡಲಿಲ್ಲ. ಕೊಟ್ಟಿಗೆಹಾರದ ನೀರುದೋಸೆಯನ್ನೂ ಟೈಮಿಲ್ಲ ಅಂತ ತಪ್ಪಿಸಿದ್ದರಂತೆ, ಅದು ನನಗೆ ನಿಜಕ್ಕೂ ಬೇಜಾರಾಯಿತು. ಅವತ್ತು ಧರ್ಮಸ್ಥಳದಲ್ಲೇ ಉಳಿಯಿರಿ, ಆಗುಂಬೆ ಎಲ್ಲಿಗೂ ಹೋಗುವುದಿಲ್ಲ ಅಂತ ಹೇಳಿ ಕಳಿಸಿದೆ. ದಿನಕ್ಕೆ ಒಂದೇ ಘಾಟಿ, ಅಷ್ಟೇ.

ಟೈಮ್ ಆಯಿತು ಅಂತ ಗಾಜಿನಾಚೆಯಿಂದ ಸನ್ನೆ ಬರುತ್ತಿದೆ, ಬೇಗ ಹೇಳಿಬಿಡುತ್ತೇನೆ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಇದು ನಿಯಮ, ದೊಡ್ಡಸ್ತಿಕೆಯ ಪ್ರಶ್ನೆಯಲ್ಲ. ತಿರುವಿನಲ್ಲಿ ಓವರ್‌ಟೇಕ್ ಬೇಡ, ಹಾರನ್ ಹೊಡೆಯಿರಿ. ವಾಂತಿ ಬರುವ ಮಕ್ಕಳ ಕೈಯಿಂದ ಮೊಬೈಲ್ ತೆಗೆದುಕೊಳ್ಳಿ, ದೂರದ ಬೆಟ್ಟ ನೋಡಲು ಹೇಳಿ, ಕಿಟಕಿ ಸ್ವಲ್ಪ ತೆರೆಯಿರಿ. ಕುದುರೆಮುಖದ ಕಡೆ ಹೋಗುವವರು ಕತ್ತಲಾಗುವ ಮೊದಲೇ ಚೆಕ್‌ಪೋಸ್ಟ್ ದಾಟಿಕೊಳ್ಳಿ. ಅದು ರಾಷ್ಟ್ರೀಯ ಉದ್ಯಾನ, ಮಧ್ಯದಲ್ಲಿ ನಿಲ್ಲಿಸಿ ಊಟಕ್ಕೆ ಕೂರುವ ಜಾಗವಲ್ಲ. ಅಲ್ಲಿ ಸಿಂಗಳೀಕ ಕಂಡರೆ ನೋಡಿ, ಬಾಳೆಹಣ್ಣು ಎಸೆಯಬೇಡಿ.

ಮಂಜು ಕವಿದರೆ ಹೈ ಬೀಮ್ ಹಾಕಬೇಡಿ, ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಲೋ ಬೀಮ್ ಸಾಕು. ಆಮೇಲೂ ದಾರಿ ಕಾಣದಿದ್ದರೆ ತಿರುವು ಬಿಟ್ಟು, ಅಗಲ ಇರುವ ಕಡೆ ಪಕ್ಕಕ್ಕೆ ಹಾಕಿ ಟೀ ಕುಡಿಯಿರಿ. ನಮಸ್ಕಾರ.