ಹರಳಿನ ಗಡಿಯಲ್ಲಿ ಏನು ಕೂತಿದೆ ಎಂದು ಕೇಳಿ

ನಮಸ್ಕಾರ. ಸತು ಲೇಪಿಸಿದ ಹೊಸ ತಗಡಿನ ಬಕೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಕಡೆ ಹೊಳಪು, ಪಕ್ಕದಲ್ಲೇ ಮಂಕು, ತೇಪೆ ಹಾಕಿದಂಥ ಚಿತ್ತಾರ. ಆ ಒಂದೊಂದು ತೇಪೆಯೂ ಸತುವಿನ ಒಂದೊಂದು ಹರಳು. ಎರಡು ಹರಳು ಕೂಡುವ ಗೆರೆಯೇ ಗ್ರೇನ್ ಬೌಂಡರಿ. ಉಕ್ಕು, ತಾಮ್ರ, ಸೆರಾಮಿಕ್‌ಗಳ ಒಳಗೂ ಇಂಥ ಗಡಿಗಳಿವೆ, ಆದರೆ ನೋಡಲು ಸಾಮಾನ್ಯವಾಗಿ ಸೂಕ್ಷ್ಮದರ್ಶಕ ಬೇಕು. ಗಡಿಯ ಅಗಲ ಕೆಲವೇ ಪರಮಾಣುಗಳಷ್ಟು. ಎರಡೂ ಕಡೆಯ ಸಾಲುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುವುದರಿಂದ ಅಲ್ಲಿನ ಪರಮಾಣುಗಳಿಗೆ ನೆಟ್ಟಗೆ ಕೂರಲು ಜಾಗವಿಲ್ಲ. ಹೊರಗಿನ ಧಾತುಗಳು ಬಂದು ಸೇರಿಕೊಳ್ಳುವುದೂ ಅಲ್ಲಿಗೇ.

ಕಾಲೇಜಿನಲ್ಲಿ ಇದರ ಬಗ್ಗೆ ಹೇಳಿಕೊಡುವುದು ಹೆಚ್ಚಾಗಿ ಒಂದೇ ಮಾತು: ಹರಳು ಸಣ್ಣದಾದಷ್ಟೂ ಗಡಿಗಳು ಹೆಚ್ಚು, ಲೋಹ ಗಟ್ಟಿ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ತೋರಿಸಿದ ನಿಯಮವಿದು. ಸುಳ್ಳಲ್ಲ. ಆದರೆ ಗಡಿಗಳು ಎಷ್ಟಿವೆ ಎಂದಷ್ಟೇ ಎಣಿಸಿ, ಅವು ಎಂಥವು, ಅಲ್ಲಿ ಏನು ಸೇರಿದೆ ಎಂದು ಕೇಳದೆ ಬಿಡುವ ನಮ್ಮ ಪಾಠಕ್ರಮದ ಮೇಲೆ ನನಗೆ ತಕರಾರಿದೆ. ಕಾರ್ಖಾನೆಯಲ್ಲಿ ದುಡ್ಡು ಕಳೆಯುವುದು ಆ ಕೇಳದ ಪ್ರಶ್ನೆಯಿಂದ.

304 ಎಂಬ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲನ್ನೇ ತೆಗೆದುಕೊಳ್ಳಿ. ಸುಮಾರು 18% ಕ್ರೋಮಿಯಂ ಇರುವುದರಿಂದ ಅದಕ್ಕೆ ತುಕ್ಕು ಹತ್ತುವುದಿಲ್ಲ. ಟ್ಯಾಂಕು ಕಟ್ಟಲು ಅದರ ದಪ್ಪ ತಟ್ಟೆಯನ್ನು ವೆಲ್ಡಿಂಗ್ ಮಾಡುವಾಗ ಬೆಸುಗೆಯಿಂದ ಸ್ವಲ್ಪ ಆಚೆಗಿನ ಪಟ್ಟಿ 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೊತ್ತು ಕಳೆಯುತ್ತದೆ. ಆಗ ಉಕ್ಕಿನೊಳಗಿನ ಇಂಗಾಲ ಗಡಿಗೆ ಸರಿದು, ಅಲ್ಲಿನ ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಗಡಿಯ ಪಕ್ಕದಲ್ಲಿ ಕ್ರೋಮಿಯಂ 12%ಕ್ಕಿಂತ ಕೆಳಗಿಳಿಯಿತೆಂದರೆ ರಕ್ಷಣೆ ಹೋಯಿತು. ಮುಂದೆ ಆಮ್ಲ ತಗುಲಿದಾಗ ಅದು ಗಡಿಗುಂಟ ಕೊರೆಯುತ್ತಾ ಹೋಗುತ್ತದೆ, ಹರಳುಗಳು ಉದುರುತ್ತವೆ. ಬೆಸುಗೆ ಭದ್ರವಾಗಿಯೇ ಇರುತ್ತದೆ, ಸೋರುವುದು ಪಕ್ಕದಲ್ಲಿ. ಬೈಗುಳ ಮಾತ್ರ ಬೆಸುಗೆ ಹಾಕಿದವನಿಗೆ!

ಆ ತಟ್ಟೆಯ ಟೆಸ್ಟ್ ಸರ್ಟಿಫಿಕೇಟ್ ತೆಗೆದು ನೋಡಿ: ಕ್ರೋಮಿಯಂ 18%. ಈಗ ಮತ್ತೆ ಅಳೆದರೂ ಸರಾಸರಿ ಅಷ್ಟೇ ಬರುತ್ತದೆ. ಕಾಗದಕ್ಕೆ ಗಡಿ ಗೊತ್ತಿಲ್ಲ. ಗಡಿಯನ್ನು ನೋಡಬೇಕೆಂದರೆ ತುಂಡೊಂದನ್ನು ಕನ್ನಡಿಯಂತೆ ಉಜ್ಜಿ, ಆಕ್ಸಾಲಿಕ್ ಆಮ್ಲದಲ್ಲಿಟ್ಟು ಒಂದೂವರೆ ನಿಮಿಷ ವಿದ್ಯುತ್ ಹರಿಸಿ, ಸೂಕ್ಷ್ಮದರ್ಶಕದ ಕೆಳಗಿಡಬೇಕು. ಆರೋಗ್ಯವಂತ ಉಕ್ಕಿನಲ್ಲಿ ಹರಳುಗಳ ನಡುವೆ ಸಣ್ಣ ಮೆಟ್ಟಿಲುಗಳಷ್ಟೇ ಕಾಣುತ್ತವೆ. ಕೆಟ್ಟದ್ದರಲ್ಲಿ ಹರಳಿನ ಸುತ್ತ ಕಪ್ಪು ಕಂದಕ. ಇಂಗಾಲವನ್ನು 0.03%ಕ್ಕೆ ಇಳಿಸಿದ 304ಎಲ್ ಬಂದಿರುವುದೇ ಇದನ್ನು ತಪ್ಪಿಸಲು. (ನಿಮ್ಮ ಅಡುಗೆಮನೆಯ ಪಾತ್ರೆಗಳ ಬಗ್ಗೆ ಚಿಂತೆ ಬೇಡ. ಇದು ದಪ್ಪ ತಟ್ಟೆ ಮತ್ತು ಆಮ್ಲದ ಸಮಸ್ಯೆ.)

ಹಾಗಾದರೆ ಗಡಿಗಳನ್ನೇ ತೆಗೆದುಹಾಕಿದರೆ? ಜೆಟ್ ಎಂಜಿನ್ನಿನ ಅತಿ ಬಿಸಿ ಭಾಗದ ಬ್ಲೇಡುಗಳಲ್ಲಿ ಅದನ್ನೂ ಮಾಡಿದ್ದಾರೆ. ಆ ಶಾಖದಲ್ಲಿ ಹರಳುಗಳು ಗಡಿಗುಂಟ ಜಾರಿ ಬ್ಲೇಡು ನಿಧಾನವಾಗಿ ಉದ್ದವಾಗುತ್ತದೆ. ಅದಕ್ಕೇ ಕರಗಿದ ಲೋಹ ಹೊಯ್ಯುವ ಅಚ್ಚಿನ ಬುಡದಲ್ಲಿ ಸುರುಳಿಯಾದ ಕಿರುದಾರಿ ಇಟ್ಟು ಒಂದೇ ಹರಳು ಮೇಲೇರುವಂತೆ ಮಾಡುತ್ತಾರೆ. ಇಡೀ ಬ್ಲೇಡು ಒಂದೇ ಹರಳು. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ 2021ರಲ್ಲಿ ಎಚ್‌ಎಎಲ್‌ಗೆ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಕೊಟ್ಟದ್ದು ಇಂಥವನ್ನೇ. ದುಬಾರಿ ದಾರಿ, ಎಲ್ಲಕ್ಕೂ ಒಗ್ಗುವುದಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಬಿಸ್ಮತ್ ಎಂಬ ಲೋಹದ ಕಥೆ. ತಾಮ್ರಕ್ಕೆ 0.1%ಕ್ಕಿಂತ ಕಡಿಮೆ ಬಿಸ್ಮತ್ ಸೇರಿದರೂ ಸಾಕು, ಅದು ಗಡಿಗೆ ಹೋಗಿ ಕೂರುತ್ತದೆ. ಬಾಗಬೇಕಾದ ತಾಮ್ರ ಗಡಿಗುಂಟ ಮುರಿಯುತ್ತದೆ. ಅದೇ ಬಿಸ್ಮತ್ಅನ್ನು ಆಕ್ಸೈಡ್ ರೂಪದಲ್ಲಿ, ಇನ್ನೂ ಕೆಲವು ಆಕ್ಸೈಡುಗಳ ಜೊತೆ ಸತುವಿನ ಆಕ್ಸೈಡ್ ಪುಡಿಗೆ ಬೆರೆಸಿ ಸುಟ್ಟರೆ ವೇರಿಸ್ಟರ್ ಸಿಗುತ್ತದೆ. ನಿಮ್ಮ ಟಿ.ವಿ.ಗೆ ಹಾಕಿರುವ ಸ್ಪೈಕ್ ಗಾರ್ಡಿನೊಳಗಿನ ಬಿಲ್ಲೆ ಅದು. ಹರಳಿನೊಳಗೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಗಡಿ ತಡೆಯುತ್ತದೆ. ಒಂದು ಗಡಿ ತಡೆಯುವುದು ಸುಮಾರು 3 ವೋಲ್ಟ್. ಅದನ್ನು ಮೀರಿದರೆ ದಾರಿ ಬಿಟ್ಟುಕೊಡುತ್ತದೆ, ಉಕ್ಕಿಬಂದ ವಿದ್ಯುತ್ ಟಿ.ವಿ.ಗೆ ಹೋಗದೆ ಬಿಲ್ಲೆಯ ಮೂಲಕ ಹಾಯುತ್ತದೆ.

ಹೀಗಾಗಿ ವೇರಿಸ್ಟರ್ ತಯಾರಿಸುವವರು ಬಿಲ್ಲೆಯ ದಪ್ಪದಲ್ಲಿ ಎಷ್ಟು ಗಡಿಗಳು ಬರಬೇಕು ಎಂದು ಮೊದಲೇ ಲೆಕ್ಕಹಾಕಿ ಕುಲುಮೆ ಹೊತ್ತಿಸುತ್ತಾರೆ. ಒಂದು ಸಣ್ಣ ಬಿಲ್ಲೆಗೆ ಇಷ್ಟು ಲೆಕ್ಕಾಚಾರ ಸಾಧ್ಯವಿರುವಾಗ, ಆಮ್ಲ ತುಂಬುವ ಟ್ಯಾಂಕಿಗೆ ಟೆಂಡರ್ ಕರೆಯುವವರು ಗ್ರೇಡ್ ನಂಬರಿನ ಕೆಳಗೆ ಆಕ್ಸಾಲಿಕ್ ಆಮ್ಲದ ಪರೀಕ್ಷೆಯ ಒಂದು ಸಾಲು ಸೇರಿಸಲು ಯಾಕೆ ಹಿಂಜರಿಯಬೇಕು?