ಮೇಣದಬತ್ತಿ ಆರಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಗುಂಡಿಟ್ಟು ಕೊಂದರು. ಆ ವಾರ ನಮ್ಮೂರಿನಲ್ಲೂ ಸಂಜೆ ಮೇಣದಬತ್ತಿ ಹಚ್ಚಿ ನಿಂತೆವು. ಸೇನೆಯನ್ನು ಮುನ್ನಡೆಸಿದ ಕಾರ್ಯಪ್ಪ, ತಿಮ್ಮಯ್ಯನವರ ಕೊಡಗು ಜಿಲ್ಲೆಯಲ್ಲಿ ಮಡಿದವರಿಗಾಗಿ ತಲೆಬಾಗಿ ನಿಲ್ಲುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಾಳಿಗೆ ಬತ್ತಿ ಆರಿದರೆ ಪಕ್ಕದವರು ತಮ್ಮ ಬತ್ತಿಯನ್ನು ಬಾಗಿಸಿ ಹೊತ್ತಿಸಿಕೊಡುತ್ತಿದ್ದರು. ಸಂಕಟ ಬಂದಾಗ ಹೀಗೆ ಬೀದಿಗೆ ಬಂದು ಒಟ್ಟಾಗಿ ನಿಲ್ಲಲೇಬೇಕು. ಒಬ್ಬೊಬ್ಬರೇ ಮನೆಯಲ್ಲಿ ಕುಳಿತರೆ ಭಯ ಬೆಳೆಯುತ್ತದೆ.

ಮನೆಗೆ ಬಂದು ಮೊಬೈಲ್ ನೋಡಿದರೆ ಒಂದು ಫೋಟೊ ಬಂದಿತ್ತು. ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಮುಂದೆ ನಿಂತ ನಾಲ್ವರು ಅಸ್ಸಾಂ ಕಾರ್ಮಿಕರು. ಕೆಳಗೆ, 'ಇವರು ಯಾರು? ಎಚ್ಚರವಾಗಿರಿ.' ಅವರಲ್ಲಿ ಒಬ್ಬನನ್ನು ನಾನು ಬಲ್ಲೆ. ನಮ್ಮ ತೋಟದಲ್ಲಿ ಏಣಿ ಹತ್ತಿ ಕರಿಮೆಣಸು ಕೊಯ್ಯುವ ಹುಡುಗ. ಮೂರು ದಿನ ಅವನು ಅಂಗಡಿಯ ಕಡೆಗೇ ಬರಲಿಲ್ಲ. ಅಂಗಡಿಯ ಅಕ್ಕನೇ ಅಕ್ಕಿ, ಬೇಳೆ ಕಟ್ಟಿ ಲೈನಿಗೆ ಕಳುಹಿಸಿದರು.

2012ರ ಆಗಸ್ಟ್‌ನಲ್ಲಿ ಇಂಥವೇ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೋದದ್ದು ನಿಮಗೆ ನೆನಪಿರಬಹುದು.

ಪಹಲ್ಗಾಮ್‌ನಲ್ಲಿ ಸತ್ತವರಲ್ಲಿ ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಮರುದಿನ ಕಾಶ್ಮೀರ ಕಣಿವೆ ಅಂಗಡಿ ಮುಚ್ಚಿ ಶೋಕಿಸಿತು. ಅಲ್ಲಿನ ಪತ್ರಿಕೆಗಳು ಮುಖಪುಟವನ್ನು ಕಪ್ಪಾಗಿಸಿದವು. ಲೈನ್ ಮನೆಯ ಫೋಟೊ ಕಳುಹಿಸಿದವರು ಯಾರೂ ಈ ಸುದ್ದಿ ಕಳುಹಿಸಲಿಲ್ಲವಲ್ಲ ಎಂದು ನನಗೆ ಇಂದಿಗೂ ನೋವಿದೆ.

ಬಾನುಲಿಯ ಮುಂದೆ ಕುಳಿತಾಗಲೆಲ್ಲ ನನಗೆ ನ್ಯೂಜಿಲೆಂಡ್ ನೆನಪಾಗುತ್ತದೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ನಡೆದ ದಾಳಿಗೆ 51 ಜನ ಬಲಿಯಾದರು. ಕೊಂದವನ ಹೆಸರನ್ನು ತಾನು ಎಂದೂ ಉಚ್ಚರಿಸುವುದಿಲ್ಲ ಎಂದು ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದರು. ಮುಂದಿನ ಶುಕ್ರವಾರ ಆ ದೇಶದ ರೇಡಿಯೊ, ಟಿವಿಗಳಲ್ಲಿ ಆಜಾನ್ ಕೇಳಿಸಿತು. ಬಳಿಕ ಎರಡು ನಿಮಿಷ ಮೌನ. ಮುಸ್ಲಿಮರು ತೀರಾ ಕಡಿಮೆ ಇರುವ ನಾಡು ಅದು. ಎಲ್ಲೋ ಹಸುವಿನ ಹಾಲು ಕರೆಯುತ್ತಿದ್ದ ರೈತನೂ ರೇಡಿಯೊದಲ್ಲಿ ಅದನ್ನು ಕೇಳಿರಬೇಕು. ನಮ್ಮ ಈ ಪುಟ್ಟ ಪೆಟ್ಟಿಗೆಗೆ ಎಂಥ ಶಕ್ತಿ!

ಆ ಫೋಟೊ ಕಳುಹಿಸಿದವರು ನಮ್ಮ ನೆಂಟರೇ. ಫೋನ್ ಮಾಡಿ, 'ಮಾವ, ಆ ಹುಡುಗ ನಮ್ಮ ತೋಟದವನು, ಅದನ್ನು ಅಳಿಸಿಬಿಡಿ' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಳಿಸಿದರು.

ನಾಲ್ಕನೆಯ ದಿನ ಹುಡುಗ ಕೆಲಸಕ್ಕೆ ಬಂದ. ಏಣಿಯ ಮೇಲಿನಿಂದಲೇ ಕೂಗಿ ಮಾತನಾಡಿಸುತ್ತಿದ್ದವನು ಅಂದು ಚೀಲ ತುಂಬುವವರೆಗೂ ತುಟಿ ಬಿಚ್ಚಲಿಲ್ಲ. ಇಳಿದಾಗ ನಾನೇ, 'ಊಟ ಆಯಿತೇನಪ್ಪಾ?' ಎಂದು ಕೇಳಿದೆ.

ನಮಸ್ಕಾರ.